ಅಂಗೈ ಹೇಳಿದ ಸುಳ್ಳು

ತಾರಸಿ ಸೋರುವ ಮನೆಯವರಿಗೆಲ್ಲ ಆಕೆ ಹಾಳೆಯಕ್ಕ. ಒಂದು ಮೈಗೆ ಡಾಂಬರು, ಇನ್ನೊಂದು ಮೈಗೆ ಥಳಥಳ ಹೊಳೆಯುವ ಅಲ್ಯೂಮಿನಿಯಂ. ಅಂಥ ಹಾಳೆಯ ಸುರುಳಿ ಬಿಚ್ಚಿ, ತಾರಸಿಗೆ ಅಂಟಿಸಿ, ನೀರು ಇಳಿಯದಂತೆ ಮಾಡುವುದು ಆಕೆಯ ಕಸುಬು. ಕೈ ಎಷ್ಟು ಪಳಗಿತ್ತೋ ಬಾಯಿಯೂ ಅಷ್ಟೇ ಪಳಗಿತ್ತು. ಮನೆ ಯಜಮಾನರು ಮೇಲೆ ಹತ್ತಿ ಬಂದು ಬುದ್ಧಿ ಹೇಳತೊಡಗಿದರೆ, ಹಾಗಾದರೆ ನೀವೇ ಅಂಟಿಸಿ, ನಾನು ಕೆಳಗೆ ಕೂತು ಟೀವಿ ನೋಡ್ತೀನಿ ಅಂದುಬಿಡುವವಳು.

ಬಿಸಿಲನ್ನು ಅಳೆಯಲು ಆಕೆಗಿದ್ದದ್ದು ಒಂದೇ ಸಾಧನ, ತನ್ನ ಅಂಗೈ. ಏಣಿ ಹತ್ತಿದ ಕೂಡಲೇ ನೆಲಕ್ಕೆ ಒತ್ತಿ ನೋಡುವಳು. ಚುರ್ ಎಂದರೆ ಕೆಲಸ ಬಂದ್, ಏಕೆಂದರೆ ಕಾದ ನೆಲದಲ್ಲಿ ಡಾಂಬರು ಮೆತ್ತಗಾಗಿ ಹಾಳೆ ಸುಕ್ಕುಗಟ್ಟುತ್ತದೆ. ತಣ್ಣಗಿದ್ದರೆ ನಡುಮಧ್ಯಾಹ್ನವೂ ಬಗ್ಗಿದ ಬೆನ್ನು ಎತ್ತುತ್ತಿರಲಿಲ್ಲ. ಹಾಳೆಗೆ ಒಳ್ಳೆಯ ದಿನ ಮನುಷ್ಯರಿಗೂ ಒಳ್ಳೆಯ ದಿನ ಎಂದು ಗಟ್ಟಿಯಾಗಿ ನಂಬಿದ್ದಳು. ಆ ನಂಬಿಕೆಯನ್ನು ಯಾರೂ ಪ್ರಶ್ನಿಸಿರಲಿಲ್ಲ. ಆಕೆಯ ಬಾಯಿಗೆ ಹೆದರಿ ಪ್ರಶ್ನಿಸಲಿಲ್ಲವೋ ಏನೋ.

ಜತೆಗೆ ಬರುತ್ತಿದ್ದವಳು ಕೆಲಸ ಬಿಟ್ಟಾಗ, ಒಂದೆರಡು ದಿನದ ಮಟ್ಟಿಗೆಂದು ತಂಗಿಯನ್ನು ಕರೆದಳು. ತಂಗಿ ರಫೂ ಕೆಲಸದವಳು. ಕಪ್ಪು ಕೋಟು ಹರಿದರೆ ಅದೇ ಕಪ್ಪಿನ ನೂಲು ಹುಡುಕಿ, ಹರಿದದ್ದೇ ಸುಳ್ಳು ಅನ್ನುವ ಹಾಗೆ ಕೂಡಿಸುವವಳು. ದುಬಾರಿ ಬಟ್ಟೆಯನ್ನು ಅಂಗಡಿಯವರು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಇಬ್ಬರು ಮಕ್ಕಳ ಮನೆ ಅವಳ ಎರಡು ಕಣ್ಣಿನ ಮೇಲೆ ನಡೆಯುತ್ತಿತ್ತು.

ಅಂದು ತೆಳು ಮೋಡ, ಹಿತವಾದ ಗಾಳಿ. ಅಂಗೈ ಒತ್ತಿದ ಅಕ್ಕನ ಮುಖ ಅರಳಿತು. ತಂಗಿ ಅಗಲ ಟೊಪ್ಪಿ, ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದಳು. ಸಿನಿಮಾ ನಟಿ ಬಂದಳು, ಎಲ್ಲರೂ ದಾರಿ ಬಿಡಿ ಎಂದು ಅಕ್ಕ ರೇಗಿಸಿದಳು. ಆಮೇಲೆ ಕೆಲಸದ ಮಾತು ಹೇಳಿದಳು: ಹಾಳೆಯ ಕೆಳಗೆ ಗಾಳಿಯ ಗುಳ್ಳೆ ಉಳಿದರೆ ಮುಂದೆ ಅಲ್ಲಿಂದಲೇ ಕಿತ್ತುಬರುತ್ತದೆ, ಗುಳ್ಳೆ ಗೊತ್ತಾಗುವುದು ಹೊಳಪಿನಲ್ಲೇ, ಕಪ್ಪು ಕನ್ನಡಕದಲ್ಲಿ ಏನೂ ಕಾಣದು.

"ಬಿಸಿಲೇ ಇಲ್ಲ, ಅದನ್ನ ತೆಗೆದಿಡು. ರಫೂ ಮಾಡೋ ಕಣ್ಣು ನಿಂದು, ಹತ್ರ ಬಗ್ಗಿ ನೋಡು."

ಅಕ್ಕ ಸುರುಳಿ ಎಳೆಯುತ್ತ ಮುಂದೆ ಮುಂದೆ ಹೋದಳು. ತಂಗಿ ಕನ್ನಡಕ ತೆಗೆದಿಟ್ಟು, ಮೊಣಕಾಲೂರಿ, ಕೆನ್ನೆ ಹಾಳೆಗೆ ತಾಗುವಷ್ಟು ಬಗ್ಗಿ, ಮಧ್ಯಾಹ್ನವಿಡೀ ಗುಳ್ಳೆ ಹುಡುಕಿ ಒತ್ತಿದಳು. ಒಂದೂ ಬಿಡಲಿಲ್ಲ.

ಸಂಜೆ ಅಕ್ಕನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ತಂಗಿ ಚಾಕು ಕೆಳಗಿಟ್ಟಳು. ಕಣ್ಣಿಗೆ ಯಾರೋ ಮರಳು ತುಂಬಿದ ಹಾಗಿದೆ ಅಂದಳು. ಈರುಳ್ಳಿ ಖಾರ ಎಂದು ಅಕ್ಕ ನಕ್ಕಳು. ಸ್ವಲ್ಪ ಹೊತ್ತಿಗೆ ತಂಗಿಯ ರೆಪ್ಪೆಗಳು ಊದಿ ಅಂಟಿಕೊಂಡವು. ದೀಪದ ಬೆಳಕಿಗೇ ಚೀರಿಕೊಂಡು ಗೋಡೆ ತಡವುತ್ತ ಕುಸಿದಳು.

"ಅಕ್ಕಾ, ನಂಗೆ ಏನೂ ಕಾಣ್ತಿಲ್ಲ ಕಣೇ."

ಅಕ್ಕ ಬರಿಗಾಲಲ್ಲೇ ಬೀದಿಗೆ ಓಡಿ ಆಟೋ ನಿಲ್ಲಿಸಿದಳು. ಆಟೋದಲ್ಲಿ ತಂಗಿಯನ್ನು ಅಪ್ಪಿಕೊಂಡು ಕೂತವಳು ದಾರಿಯುದ್ದಕ್ಕೂ ಡಾಂಬರು ಸಿಡಿಯಿತೇ, ಅಂಟು ತಾಗಿತೇ ಎಂದು ತಲೆ ಕೆಡಿಸಿಕೊಂಡಳೇ ಹೊರತು ಬಿಸಿಲಿನ ನೆನಪೇ ಬರಲಿಲ್ಲ. ಇಲ್ಲದ ಬಿಸಿಲನ್ನು ಯಾರು ನೆನೆಯುತ್ತಾರೆ?

ಕಣ್ಣಿನ ಡಾಕ್ಟರು ಹನಿ ಹಾಕಿ, ದೀಪ ಹಿಡಿದು ನೋಡಿ, ಕಣ್ಣಿನ ಮೇಲ್ಪದರ ಸುಟ್ಟಿದೆ ಅಂದರು. ಬಿಸಿಲೇ ಇರಲಿಲ್ಲ ಡಾಕ್ಟ್ರೇ, ನೆಲ ತಣ್ಣಗಿತ್ತು, ನಾನೇ ಮುಟ್ಟಿ ನೋಡಿದ್ದೆ ಎಂದು ಅಕ್ಕ ವಾದಕ್ಕೇ ಇಳಿದಳು.

"ಸುಡೋದು ಶಾಖ ಅಲ್ಲಮ್ಮ, ನೇರಳಾತೀತ ಕಿರಣ. ಅದು ಕೈಗೆ ಗೊತ್ತಾಗಲ್ಲ."

ತೆಳು ಮೋಡ ಅದನ್ನು ತಡೆಯುವುದಿಲ್ಲ, ಗಾಳಿ ತಣಿಸುವುದಿಲ್ಲ ಎಂದು ವಿವರಿಸಿದರು. ಟೊಪ್ಪಿ ಮೇಲಿನಿಂದ ಬರುವುದನ್ನು ತಡೆದರೂ ಹಾಳೆಯಿಂದ ಪುಟಿದದ್ದು ಕೆಳಗಿನಿಂದ ನೇರ ಕಣ್ಣಿಗೆ ನುಗ್ಗಿತ್ತು. ಅಕ್ಕನ ಫೋನಿನಲ್ಲೇ ಹವಾಮಾನದ ಪುಟ ತೆಗೆದು, ಯು.ವಿ. ಎಂಬ ಅಕ್ಷರದ ಪಕ್ಕದ ಅಂಕಿ ತೋರಿಸಿದರು. ಮೂರಕ್ಕೆ ಬಂದರೇ ಮೈ, ಕಣ್ಣು ಮುಚ್ಚಿಕೊಳ್ಳಬೇಕು. ಅಂದಿನ ಮಧ್ಯಾಹ್ನ ಅದು ಹನ್ನೊಂದಾಗಿತ್ತು. ಫೋನಿಲ್ಲದಿದ್ದರೆ ನಿಮ್ಮ ನೆರಳು ನೋಡಿ, ನಿಮಗಿಂತ ಗಿಡ್ಡವಾಗಿದ್ದರೆ ಒಳಗೆ ಹೋಗಿ ಅಂದರು. ದಿನವೂ ಜೇಬಿನಲ್ಲೇ ಇದ್ದ ಅಂಕಿಯನ್ನು ಅಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು.

ಹಿಂದೆ ನಿಮಗೂ ಹೀಗಾಗಿತ್ತೇ ಎಂದು ಡಾಕ್ಟರು ಕೇಳಿದರು. ಕಣ್ಣಿಗೆ ಧೂಳು ಬಿತ್ತೆಂದು ಒದ್ದೆ ಬಟ್ಟೆ ಕಟ್ಟಿ ಮಲಗಿದ ಸಂಜೆಗಳೆಲ್ಲ ಅಕ್ಕನಿಗೆ ಒಟ್ಟಿಗೇ ನೆನಪಾದವು. ವರ್ಷಗಟ್ಟಲೆ ಹೀಗೆ ಸುಟ್ಟರೆ ಕಣ್ಣಿಗೆ ಶಾಶ್ವತ ಹಾನಿ, ನಿಮ್ಮ ಕಣ್ಣನ್ನೂ ತೋರಿಸಿ ಅಂದದ್ದಕ್ಕೆ, ಮೊದಲು ಇವಳದು ಸರಿಹೋಗಲಿ ಎಂದು ತಂಗಿಯನ್ನು ಎಬ್ಬಿಸಿಕೊಂಡು ಬಂದಳು.

ಪರದೆ ಎಳೆದ ಕೋಣೆಯಲ್ಲಿ ತಂಗಿ ಎರಡು ದಿನ ಮಲಗಿದಳು. ಅಕ್ಕ ಹನಿ ಹಾಕಿದಳು, ತುತ್ತು ತಿನ್ನಿಸಿದಳು. ಮೂರನೆಯ ಬೆಳಿಗ್ಗೆ ತಂಗಿ ಸೂಜಿ, ಕಪ್ಪು ನೂಲು ಕೇಳಿದಳು. ಅಕ್ಕ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ನೂಲು ಮೊದಲ ಸಲಕ್ಕೇ ಸೂಜಿಯ ಕಣ್ಣನ್ನು ಹೊಕ್ಕಿತು. ಅಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ತಂಗಿ ಅವಳ ಗಲ್ಲ ಹಿಡಿದೆತ್ತಿ ಕಣ್ಣೊರೆಸಹೋದವಳು ಕೈ ತಡೆದಳು. ಕಿಟಕಿಯ ಕಡೆಗೆ ಮುಖ ತಿರುಗಿಸಿ, ಹರಿದ ಬಟ್ಟೆ ನೋಡುವಾಗಿನಂತೆ ಹತ್ತಿರ ಬಗ್ಗಿದಳು.

"ಅಕ್ಕ, ಅಲ್ಲಾಡಬೇಡ. ನಿನ್ನ ಕಣ್ಣಿನ ಮೂಲೆಯಿಂದ ಏನೋ ಪೊರೆ ಥರ ಬೆಳೆದಿದೆ ಕಣೇ. ಕರಿಗುಡ್ಡೆ ಮೇಲೇ ಹತ್ತಿಬಿಟ್ಟಿದೆ."

ಅಕ್ಕ ಅಂಗೈ ಎತ್ತಿ ಕಣ್ಣಿನ ಮೇಲೆ ಒತ್ತಿ ನೋಡಿಕೊಂಡಳು. ತಣ್ಣಗೇ ಇತ್ತು.