ನೂರನಲವತ್ತೆರಡನೇ ಪುಟ

ಮೂರು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನನ್ನ ಹೊಸ ಕಾದಂಬರಿಯ ಹಸ್ತಪ್ರತಿ ಸೋದರಮಾವನ ಕೈಯಲ್ಲಿತ್ತು. ಕಥಾನಾಯಕ ಅವರೇ.

ಮಾವ ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು. ನಿವೃತ್ತರಾದರೂ ಕೆಂಪು ಪೆನ್ಸಿಲ್ ಕಿವಿಯ ಮೇಲಿಂದ ಇಳಿದಿಲ್ಲ. ಔಷಧಿ ಡಬ್ಬಿಯ ಮೇಲಿನ ಬರಹವನ್ನೂ ತಿದ್ದುತ್ತಾರೆ. "ಮೊದಲು ಮಾತ್ರೆ ನುಂಗಿ, ತಪ್ಪು ಆಮೇಲೆ ಹುಡುಕೋರಂತೆ" ಎಂದು ಅತ್ತೆ ಗೊಣಗುತ್ತಾರೆ.

ನಲವತ್ತು ವರ್ಷದ ಹಿಂದೆ ಶಾಲೆಯ ಚರಿತ್ರೆ ಪುಸ್ತಕವೊಂದು ಅವರ ಮೇಜಿಗೆ ಬಂದಿತ್ತು. ಗಿರಣಿಯ ಮುಂದೆ ಪೊಲೀಸರು ಗುಂಡು ಹಾರಿಸಿ ಹನ್ನೊಂದು ಮಂದಿ ಕಾರ್ಮಿಕರು ಸತ್ತ ಸಂಗತಿ ಅದರ ನೂರನಲವತ್ತೆರಡನೇ ಪುಟದಲ್ಲಿತ್ತು. ಅಧಿಕಾರಕ್ಕೆ ಬಂದ ಹೊಸಬರಿಗೆ ಅದು ಬೇಕಿರಲಿಲ್ಲ. ತೆಗೆಯಿರಿ ಎಂದು ಮೇಲಿನಿಂದ ಚೀಟಿ ಬಂತು. ಮಾವ ತೆಗೆದರು, ಆ ಜಾಗಕ್ಕೆ ಅಣೆಕಟ್ಟಿನ ಚಿತ್ರ ಕೂರಿಸಿದರು. ಪುಟ ಬದಲಾದರೆ, ಯಾವುದು ಯಾವ ಪುಟದಲ್ಲಿದೆ ಎಂದು ಹೇಳುವ, ಪುಸ್ತಕದ ಕೊನೆಯ ಪಟ್ಟಿಯನ್ನೂ ಬದಲಿಸಬೇಕು. ಅದು ಅವರ ಕೆಲಸದ ಮೊದಲ ಪಾಠ. ಆ ಸಲ ಅದಾಗಲಿಲ್ಲ. 'ಗೋಲಿಬಾರು, ಪುಟ ೧೪೨' ಎಂಬುದು ಹಾಗೇ ಅಚ್ಚಾಗಿ ಊರೂರಿನ ಶಾಲೆಗಳಿಗೆ ಹೋಯಿತು. ಮಕ್ಕಳು ಪುಟ ತೆರೆದರೆ ಅಣೆಕಟ್ಟು! ಗೋಲಿಬಾರು ಎಲ್ಲಿ ಎಂದು ಕೇಳತೊಡಗಿದರು. ಪತ್ರಿಕೆಗಳು ಬಿಡುತ್ತವೆಯೇ? ಮರೆಸಬೇಕೆಂದಿದ್ದದ್ದು ಮನೆಮಾತಾಯಿತು. ಮಾವ ಒಂದು ವರ್ಷ ಅಮಾನತಿನಲ್ಲಿದ್ದರು, ಪಟ್ಟಿಯ ಆ ಸಾಲನ್ನು ಬೇಕೆಂದೇ ಬಿಟ್ಟರೆಂದು ಜನರ ಬಾಯಲ್ಲಿ ಧೀರರಾದರು.

ಆ ಒಂದು ಸಾಲಿನ ಮೇಲೆ ನನ್ನ ಮುನ್ನೂರು ಪುಟ ನಿಂತಿತ್ತು. ಅಧಿಕಾರ ಅಳಿಸುತ್ತದೆ, ಸಾಮಾನ್ಯ ಮನುಷ್ಯ ಉಳಿಸುತ್ತಾನೆ ಎಂದು ಸಭೆಗಳಲ್ಲಿ ಭಾಷಣ ಬಿಗಿಯುವ ಲೇಖಕಿ ನಾನು.

ನಾಲ್ಕನೇ ದಿನ ತಡೆಯಲಾರದೆ ಹೋದೆ. ಹಸ್ತಪ್ರತಿ ಅಡುಗೆಮನೆಯ ಮೇಜಿನ ಮೇಲಿತ್ತು, ಪಕ್ಕದಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಅಲ್ಲಲ್ಲಿ ಅಲ್ಪವಿರಾಮ ತಿದ್ದಿದ್ದು ಬಿಟ್ಟರೆ ಪುಟಗಳು ಸ್ವಚ್ಛವಾಗಿದ್ದವು. ಕೊನೆಯ ಅಧ್ಯಾಯದಲ್ಲಿ ಮಾತ್ರ 'ಬೇಕೆಂದೇ ಬಿಟ್ಟ' ಎಂಬುದನ್ನು ಹೊಡೆದುಹಾಕಿ, ಅಂಚಿನಲ್ಲಿ ಕೆಂಪಾಗಿ 'ಮರೆತ' ಎಂದು ಬರೆದಿತ್ತು.

"ಏನ್ ಮಾವ ಇದು?"

"ನಿಜ ಕಣಮ್ಮ. ಆ ಪುಟ ಕಣ್ಣೆದುರಿಂದ ಹೋದ್ರೆ ಸಾಕು ಅನ್ನೋ ಹೆದರಿಕೇಲಿ ಕೊನೆ ಪಟ್ಟಿ ನೋಡ್ಲೇ ಇಲ್ಲ. ಆಮೇಲೆ ಜನ ಹೊಗಳಿದ್ರು. ಸುಮ್ನಿದ್ದುಬಿಟ್ಟೆ."

ನನಗೆ ಸಿಟ್ಟು ನೆತ್ತಿಗೇರಿತು. "ಕಾದಂಬರಿ ತಾನೇ ಮಾವ, ಇರ್ಲಿ ಬಿಡಿ. ಯಾರ ಗಂಟು ಹೋಗುತ್ತೆ?"

"ಇದ್ದದ್ದನ್ನ ಒಂದ್ಸಲ ತೆಗೆದಿದೀನಿ. ಇಲ್ಲದ್ದನ್ನ ಸೇರಿಸೋಕೆ ನನ್ನ ಕೈಲಾಗಲ್ಲ."

ಅತ್ತೆಯ ಕೈ ನಿಂತಿತ್ತು.

"ಆ ವರ್ಷ ಇಡೀ ಊರಿನ ಬಟ್ಟೆ ಹೊಲಿದೆ" ಎಂದರು, ಮಾವನ ಮುಖ ನೋಡದೆ. "ಕಾಲು ಊದಿಕೊಂಡ್ರೂ ಮಷೀನ್ ತುಳಿದೆ. ನನ್ನ ಗಂಡ ಧೈರ್ಯವಂತ ಅಂತ ತುಳಿದೆ. ಮರೆವಿಗಾ ತುಳಿದದ್ದು ನಾನು?"

ಮಾವ ತಲೆ ತಗ್ಗಿಸಿದರು. ಕಿವಿಯ ಮೇಲಿಂದ ಪೆನ್ಸಿಲ್ ಇಳಿಸಿ ನನ್ನತ್ತ ಸರಿಸಿದರು.

"ಅದನ್ನೂ ಬರಿಯಮ್ಮ. ನಿನ್ನ ಪುಸ್ತಕದಲ್ಲಿ ಹುಡುಕಿದೆ, ಸಿಗ್ಲಿಲ್ಲ."

ನಾನು ಗಡಬಡಿಸಿ ಪುಟ ತಿರುವಿದೆ. ಚಿಕ್ಕವಳಾಗಿದ್ದಾಗ ರಜೆಗೆ ಬಂದರೆ ಆ ಮಷೀನಿನ ಸದ್ದಿಗೇ ನನಗೆ ನಿದ್ದೆ ಬರುತ್ತಿತ್ತು. ಮುನ್ನೂರು ಪುಟಗಳಲ್ಲಿ ಅದು ಎಲ್ಲೂ ಇರಲಿಲ್ಲ. ತೆಗೆ ಎಂದು ನನಗೆ ಯಾವ ಚೀಟಿಯೂ ಬಂದಿರಲಿಲ್ಲ.