ಲ್ಯಾಬ್ ಸಮ್ಮೇಳನದ ಗಂಡಿನ ಕಡೆಯವರು

ಪಂಚಾಕ್ಷರಿಯ ತಲೆ ಮೇಲಕ್ಕೂ ಕೆಳಕ್ಕೂ ಮಾತ್ರ ಆಡುತ್ತದೆ, ಅಡ್ಡಡ್ಡ ಆಡುವುದಿಲ್ಲ. ನಮ್ಮಂಥವರಿಗೆಲ್ಲ ಇರುವ ರೋಗ, ಅವನಿಗೆ ಸ್ವಲ್ಪ ಜಾಸ್ತಿ. ರಾಜಾಜಿನಗರದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವಾಗ ಜನ ನೋವಾಯ್ತು ಅಂದರೂ ಹೌದು ಅನ್ನುತ್ತಾನೆ, ಆಗಲಿಲ್ಲ ಅಂದರೂ ಹೌದು ಅನ್ನುತ್ತಾನೆ. ಈ ಗುಣ ಕಂಡೇ ಲ್ಯಾಬ್ ತಂತ್ರಜ್ಞರ ಸಂಘದವರು ಅವನನ್ನು ಕಾರ್ಯದರ್ಶಿ ಮಾಡಿದ್ದರು.

ಹೋದ ವರ್ಷ ಸಂಘದ ವಾರ್ಷಿಕ ಸಮ್ಮೇಳನ ಇನ್ನೇನು ಬಂತು ಅನ್ನುವಾಗ, ಗೊತ್ತುಮಾಡಿದ್ದ ಸಭಾಂಗಣದವರು ಆ ದಿನವನ್ನು ಯಾರದೋ ಮದುವೆಗೆ ಕೊಟ್ಟುಬಿಟ್ಟರು. "ದಿನ ಬದಲಿಸಬಹುದು ಅಂತ ಅಗ್ರಿಮೆಂಟಲ್ಲೇ ಇದೆಯಲ್ಲ ಸಾರ್" ಅಂದರು. ಇತ್ತು. ಪಂಚಾಕ್ಷರಿ ಓದದೆ ಸಹಿ ಹಾಕಿದ್ದ. ಮೈಸೂರಿನಿಂದ ಬಂದ ಪ್ರೊಫೆಸರು ಲ್ಯಾಬಿನ ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಒರಗಿ ಭಾಷಣ ಮಾಡಬೇಕಾಯಿತು.

"ಈ ಸಲಾನೂ ಹಿಂಗಾದ್ರೆ ಸಮ್ಮೇಳನ ಕೆಂಗೇರಿ ಶಾಖೆಯೋರಿಗೇ ಕೊಟ್ಬಿಡೋಣ. ನಾವು ಹೋಗಿ ಊಟ ಮಾಡ್ಕೊಂಡ್ ಬರೋಣ" ಎಂದು ಖಜಾಂಚಿ ಮಹದೇವ್ ಎಲ್ಲರೆದುರು ಅಂದಿದ್ದ. ಅದು ಪಂಚಾಕ್ಷರಿಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಹಾಗಾಗಿ ಈ ಸಲ ಓದಿಯೇ ಸಹಿ ಹಾಕುವುದೆಂದು ಕನ್ನಡಕ ಒರೆಸಿಕೊಂಡು ಲಗ್ಗೆರೆಯ ಕಲ್ಯಾಣ ಮಂಟಪಕ್ಕೆ ಹೋದ. ತಮ್ಮ ಮನೆಯವರ ರಾಗಿ ಹೊಲ ಇದ್ದ ಜಾಗದಲ್ಲೇ ಮಂಟಪ ಎಬ್ಬಿಸಿದ ಹನುಮಕ್ಕ ಎಲೆ ಅಡಿಕೆ ಮೆಲ್ಲುತ್ತಾ ಒಪ್ಪಂದದ ಹಾಳೆ ತಳ್ಳಿದರು.

ಓದಿದಷ್ಟೂ ಗೊಂದಲ. ಎಡಕ್ಕೆ 'ಗಂಡಿನ ಕಡೆ', ಬಲಕ್ಕೆ 'ಹೆಣ್ಣಿನ ಕಡೆ'. ಕುರ್ಚಿ ಮುರಿದರೆ ಹೆಣ್ಣಿನ ಕಡೆ. ಪಾತ್ರೆ ಕಳೆದರೆ ಹೆಣ್ಣಿನ ಕಡೆ. ಎಸಿ ರೂಮು ಗಂಡಿನ ಕಡೆ. ಎಲ್ಲಕ್ಕಿಂತ ಕೆಳಗೆ: ದಿನಾಂಕ ಬದಲಿಸುವ ಹಕ್ಕು ಮಾಲೀಕರದು.

"ಅಮ್ಮಾ, ಇದು ಮದುವೇದು. ನಮ್ಮದು ಸಮ್ಮೇಳನ."

"ಜನ ಬತ್ತಾರಾ?"

"ಬರ್ತಾರೆ."

"ಉಣ್ತಾರಾ?"

"ಉಣ್ತಾರೆ."

"ಸ್ಟೇಜ್ ಮೇಲೆ ಹಾರ ಹಾಕ್ತೀರಾ?"

"ಹಾಕ್ತೀವಿ."

"ಇನ್ನೇನ್ ಸಾಮಿ ವ್ಯತ್ಯಾಸ? ನೀವು ಯಾವ ಕಡೆ, ಅಷ್ಟು ಹೇಳಿ."

ಪಂಚಾಕ್ಷರಿ ಯೋಚಿಸಿದ. ಕರೆಯುವವನು, ಉಪಚಾರ ಮಾಡುವವನು, ಬಾಗಿಲಲ್ಲಿ ಕೈಮುಗಿದು ನಿಲ್ಲುವವನು ತಾನೇ. "ಹೆಣ್ಣಿನ ಕಡೆ ಇರಬೇಕು" ಅಂದ. ಹನುಮಕ್ಕ ಮರುಕದಿಂದ ನೋಡಿ ಪೆನ್ನು ಕೊಟ್ಟರು.

"ಈ ಕೊನೇ ಷರತ್ತು ಒಂದು ತೆಗೀಬಹುದಾ ಅಂತ..."

"ಅದೆಂಗಾಯ್ತದೆ? ಒಳ್ಳೆ ಮುಹೂರ್ತಕ್ಕೆ ಯಾರಾನ ಬಂದ್ರೆ ಇಲ್ಲ ಅನ್ನಕ್ಕಾಯ್ತದಾ? ಹೆಣ್ಣಿನ ಕಡೆಯೋರು, ನೀವೇ ವಸಿ ಅನುಸರಿಸ್ಕಂಡ್ ಹೋಗ್ಬೇಕು."

ಹೋಗಬೇಕು ಅಂತ ಅವನಿಗೂ ಅನ್ನಿಸಿತು. ತಲೆ ತಾನಾಗಿ ಕೆಳಕ್ಕೆ ಬಂತು. 'ಪಂ' ಬರೆದದ್ದೂ ಆಯಿತು. ಆಗ ತಾರಸಿಯಿಂದ ಇಳಿಯುತ್ತಿದ್ದ ಪ್ರೊಫೆಸರ ಬಿಳಿ ಅಂಗಿಯ ಬೆನ್ನಿಗೆ ಮೆತ್ತಿದ್ದ ಪಾಚಿ ಕಣ್ಮುಂದೆ ಬಂದುಬಿಟ್ಟಿತು.

"ಆಗಲ್ಲ!"

ಹೊರಗೆ ಗುಡಿಸುತ್ತಿದ್ದ ಪೊರಕೆಯ ಸದ್ದು ನಿಂತಿತು. ಯಾರು ಕೂಗಿದ್ದೆಂದು ಪಂಚಾಕ್ಷರಿಯೂ ತಿರುಗಿ ನೋಡಿದ. ಅಷ್ಟರಲ್ಲಿ ಅದೇ ಬಾಯಿ, "ದಿನಾಂಕ ಬದಲಾಗೋದಾದ್ರೆ ನಮಗೆ ಈ ಮಂಟಪಾನೇ ಬೇಡ" ಅಂದಿತು. ಕಾಲುಗಳೂ ಅದರ ಪಕ್ಷ ಸೇರಿ ಎದ್ದು ನಿಂತವು.

ಬೀಗರು ಸಿಟ್ಟಾಗಿ ಎದ್ದರೆ ಸಮಾಧಾನ ಮಾಡಿ ಕೂರಿಸುವುದು ಹನುಮಕ್ಕನವರಿಗೆ ಇಷ್ಟು ವರ್ಷ ಮಂಟಪ ನಡೆಸಿ ಬಂದ ಅಭ್ಯಾಸ. ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿ ಅವರೂ ಎದ್ದರು.

"ಅಯ್ಯೋ, ಗಂಡಿನ ಕಡೆಯೋರು ಅಂತ ಮೊದ್ಲೇ ಹೇಳಬಾರ್ದಾ ಸಾಮಿ! ಕೂತ್ಕಳಿ, ಕೂತ್ಕಳಿ. ಕಾಫಿ ತರಿಸ್ತೀನಿ."

ಕೊನೆಯ ಷರತ್ತಿಗೆ ತಾವೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿದರು. ಎಸಿ ರೂಮಿನ ಬೀಗದ ಕೈ ಎಷ್ಟೊತ್ತಿಗೆ ಬೇಕೆಂದೂ ಕೇಳಿದರು. ತಾನು ಗೆದ್ದನೋ, ಯಾರಿಗಾದರೂ ಮೋಸ ಮಾಡಿದನೋ ತಿಳಿಯದೆ ಪಂಚಾಕ್ಷರಿ ಬಲಗಡೆಯ 'ಪಂ' ಹೊಡೆದುಹಾಕಿ ಎಡಗಡೆ ಸಹಿ ಹಾಕಿದ.

"ಹೆಣ್ಣಿನ ಕಡೆಯೋರು ಎಲ್ಲಿ?" ಎಂದು ಹನುಮಕ್ಕ ಬಲಗಡೆಯ ಖಾಲಿ ಜಾಗ ತೋರಿಸಿದರು.

ಪಂಚಾಕ್ಷರಿ ಮಹದೇವನಿಗೆ ಫೋನ್ ಮಾಡಿದ. "ಹಾಲ್ ಸಿಕ್ತು ಕಣ್ರೀ. ದಿನಾಂಕ ಯಾರೂ ಅಲ್ಲಾಡಿಸಂಗಿಲ್ಲ. ನೀವು ಬಂದು ಹೆಣ್ಣಿನ ಕಡೆ ಸಹಿ ಹಾಕ್ಬೇಕು."

ಆ ಕಡೆಯಿಂದ ಮಹದೇವ್ ಕೇಳಿದ: "ಸಾರ್, ಬಿಪಿ ನೋಡ್ಕೊಂಡ್ರಾ?"

ಬಂದ ಮಹದೇವ್ ಹಾಳೆ ಓದಿದ. "ಪಾತ್ರೆ ಕಳೆದ್ರೆ ನಾನ್ಯಾಕ್ ಸಾರ್ ಕೊಡ್ಲಿ?" ಎಂದು ಗೊಣಗಿದ. ಗೆರೆ ಎಳೆದ ಷರತ್ತನ್ನು ಎರಡು ಸಲ ನೋಡಿ, ಕೆಂಗೇರಿಯ ಸುದ್ದಿ ಎತ್ತದೆ ಸಹಿ ಹಾಕಿದ.

ಕಾಫಿ ಬಂತು, ಒಂದೇ ಲೋಟ. ಪಂಚಾಕ್ಷರಿ ಅರ್ಧವನ್ನು ಲೋಟದ ಕೆಳಗಿನ ಬಟ್ಟಲಿಗೆ ಬಸಿದು ಮಹದೇವನ ಕಡೆ ಸರಿಸಿದ. ಗಂಡಿನ ಕಡೆಯವರು ಹಾಗೆಲ್ಲ ಮಾಡಬಹುದೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.