ಹೊಸ್ತಿಲು ದಾಟಿದ ಕೋಳಿ

ನಮ್ಮ ಮನೆಯಲ್ಲಿ ಕೋಳಿ ತಿನ್ನುವುದಿಲ್ಲ. ಅದಕ್ಕೇ ಆಕೆ ತನ್ನ ಕೋಳಿಯನ್ನು ನನ್ನ ಹತ್ತಿರ ಬಿಟ್ಟು ಹೋದಳು.

ತೊಂಬತ್ತರ ದಶಕದ ಕೊನೆಯ ಮಾತು. ಕೊಟ್ಟೂರಿಗೂ ಉಜ್ಜಿನಿಗೂ ನಡುವಿನ ಒಂದು ಹಳ್ಳಿಗೆ ನಾನು ಸೊಸೆಯಾಗಿ ಬಂದು ಆರು ವರ್ಷವಾಗಿತ್ತು. ಆಕೆ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದವಳು, ನನ್ನದೇ ವಯಸ್ಸು. ಅಕ್ಕಪಕ್ಕದ ಸಾಲು ಹಿಡಿದು ಕೂತರೆ ನಾವು ಆಡದ ಮಾತಿರಲಿಲ್ಲ. ಇಬ್ಬರೂ ಅತ್ತೆಯರನ್ನು ಆಡಿಕೊಂಡು ನಕ್ಕಿದ್ದೇ ಹೆಚ್ಚು. ಮನೆಗೆ ಬಂದಾಗ ಮಾತ್ರ ಆಕೆ ಅಂಗಳದಲ್ಲೇ ನಿಲ್ಲುತ್ತಿದ್ದಳು. ನಮ್ಮ ಹೊಸ್ತಿಲು ದಾಟುವ ಜಾತಿ ಅವಳದಲ್ಲ ಎಂದು ನಾವಿಬ್ಬರೂ ಹುಟ್ಟುವ ಮೊದಲೇ ಊರು ತೀರ್ಮಾನ ಮಾಡಿತ್ತು.

ದೀಪಾವಳಿ ಕಳೆದ ಮೇಲೆ ಅವರ ಮನೆಯವರೆಲ್ಲ ಕಾಫಿ ಸೀಮೆಗೆ ಕೂಲಿಗೆ ಹೊರಟರು. ಬಸ್ಸಿಗೆ ಹೋಗುವ ಮುಂಚೆ ಆಕೆ ಕೆಂಪು ಹೇಂಟೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಳಕ್ಕೆ ಬಂದಳು.

"ಅಕ್ಕಾರ, ಇದನ್ನ ಯುಗಾದಿ ತನಕ ನೋಡ್ಕೊಳ್ರಿ. ನಮ್ಮವ್ವ ಸಾಯೋಕಿಂತ ಮೊದ್ಲು ಕಾವಿಗೆ ಇಟ್ಟಿದ್ದ ತತ್ತಿ ಒಡದು ಬಂದಿದ್ದಿದು. ಬ್ಯಾರೆ ಯಾರ ಕೈಯಾಗ ಕೊಟ್ರೂ ನಾ ಬರೋದ್ರಾಗ ಸಾರಾಗಿರತೈತಿ. ನಿಮ್ಮನ್ಯಾಗ ತಿನ್ನಂಗಿಲ್ಲ, ಇದರ ಜೀವಕ್ಕ ಭಯ ಇಲ್ಲ ನೋಡ್ರಿ."

"ಯುಗಾದಿಗೆ ಜೀವಂತ ನಿನ್ನ ಕೈಗೆ ಕೊಡ್ತೀನಿ, ಹೋಗು" ಅಂದೆ. ಕೋಳಿಗೂ ನೆಗಡಿಯಾಗುತ್ತದೆ ಎಂದು ನನಗೆ ಯಾರು ಹೇಳಿದ್ದರು?

ಅತ್ತೆ ಮೂಗು ಮುರಿದರು. ಆಮೇಲೆ, ಕೊಟ್ಟಿಗೆಯಲ್ಲಿ ಇರಲಿ, ಒಳಗೆ ಮಾತ್ರ ಕಾಲಿಡಬಾರದು ಎಂದು ಒಪ್ಪಿದರು. ಎರಡು ತಿಂಗಳು ಏನೂ ತಕರಾರಿರಲಿಲ್ಲ. ಚಳಿಗಾಳಿ ಜೋರಾದ ದಿನಗಳಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ಕೋಳಿ ಗೋಡೆಗೆ ಒತ್ತಿಕೊಂಡು ಮುದುಡಿ ಕೂತಿದೆ. ಎಡಗಣ್ಣಿನಲ್ಲಿ ನೊರೆ. ಮರುದಿನಕ್ಕೆ ಆ ಕೆನ್ನೆ ಗಜ್ಜುಗದಷ್ಟು ಊದಿ ಕಣ್ಣೇ ಮುಚ್ಚಿಹೋಯಿತು. ಮೂಗು ಕಟ್ಟಿ, ಬಾಯಿ ತೆರೆದು ಗೊರಗೊರ ಉಸಿರಾಡುತ್ತಿತ್ತು. ಹತ್ತಿರ ಹೋದರೆ ಕೆಟ್ಟ ವಾಸನೆ.

ಸುದ್ದಿ ಓಣಿ ಓಣಿ ಸುತ್ತಿತು. ಸಾಯುವ ಮೊದಲೇ ಕೊಯ್ಯಬೇಕು ಎಂಬುದು ಎಲ್ಲರ ಸಲಹೆ. ಹಿಂದಿನ ಓಣಿಯವನೊಬ್ಬ ಬಂದು, "ಹೆಂಗೂ ನಿಮಗ ಬ್ಯಾಡ, ನಮಗರ ಕೊಡ್ರಿ ಅಕ್ಕ" ಅಂದ. ಅವನ ಕೈಯಲ್ಲಿ ಆಗಲೇ ಚೀಲವಿತ್ತು. ನನಗೆ ಮೈ ಉರಿದುಹೋಯಿತು. "ನಿಮ್ಮ ಮನ್ಯಾಗ ಯಾರಿಗರ ಕಣ್ಣು ಬ್ಯಾನಿ ಬಂದ್ರ ಹಿಂಗ ಚೀಲ ತರ್ತೀಯೇನು?" ಎಂದು ಕೇಳಿದೆ. ಅವನು ನಗಲೋ ಬೇಡವೋ ಎಂಬಂತೆ ನಿಂತು ಹೊರಟುಹೋದ.

ಕೋಳಿಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಹಳೇ ಸೀರೆ ಮುಚ್ಚಿ, ಬಸ್ಸು ಹತ್ತಿ ಪೇಟೆಯ ದನದ ಆಸ್ಪತ್ರೆಗೆ ಹೋದೆ. ಎತ್ತು, ಎಮ್ಮೆ, ಕುರಿಗಳ ನಡುವೆ ನನ್ನದೊಂದೇ ಬುಟ್ಟಿ. ಚೀಟಿ ಬರೆಯುವವನು ಸೀರೆ ಸರಿಸಿ ನೋಡಿ ಹಲ್ಲು ಬಿಟ್ಟ. "ಇದಕ್ಕೇನು ಔಷಧ ಕೊಡಾಣ್ರಿ? ಮನಿಗೆ ಹೋಗಿ ಮಸಾಲಿ ಅರೀರಿ."

"ನನ್ನ ಹಣಿ ಮ್ಯಾಲಿನ ವಿಭೂತಿ ನೋಡಿ ಮಾತಾಡ್ರಿ" ಅಂದೆ. ಆತ ತಲೆ ತಗ್ಗಿಸಿ ಚೀಟಿ ಬರೆದ.

ಡಾಕ್ಟರು ಇನ್ನೂ ಹುಡುಗ. ಆದರೆ ನಗಲಿಲ್ಲ. ಕೋಳಿಯ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ನನಗೆ ಕೆಲಸ ಕಲಿಸಿದ. ಬೆಚ್ಚನೆಯ ನೀರಿಗೆ ಚಿಟಿಕೆ ಉಪ್ಪು ಹಾಕಿ, ಅರಳೆಯಿಂದ ಕಣ್ಣು ಮೂಗು ನೆನೆಸಬೇಕು. ಒಳಗಿನ ಕೀವು ಗಟ್ಟಿ ಮೊಸರಿನ ಹಾಗೆ ಹೆಪ್ಪುಗಟ್ಟಿರುತ್ತದೆ, ಕೆದಕಬಾರದು, ಮೆತ್ತಗಾಗಿ ತಾನೇ ಬರಬೇಕು. ಆಮೇಲೆ ಮುಲಾಮು, ಬೆಳಿಗ್ಗೆ ಸಂಜೆ. ಕುಡಿಯುವ ನೀರಿಗೆ ಪುಡಿ. "ಧೂಳು, ಗಾಳಿ ಎರಡೂ ತಾಗಬಾರದ್ರಿ. ಒಂದು ಕಣ್ಣು ಹೋಗಬಹುದು, ಜೀವ ಉಳೀತೈತಿ" ಅಂದ.

ಧೂಳು ಬೇಡ ಎಂದರೆ ಕೊಟ್ಟಿಗೆ ಬೇಡ. ಅಲ್ಲಿ ಹೊಟ್ಟಿನ ಧೂಳು, ಬಾಗಿಲಿಲ್ಲದ ಕಡೆಯಿಂದ ಗಾಳಿ. ಮನೆಗೆ ಬಂದವಳೇ ಸೀದಾ ಹೊಸ್ತಿಲು ದಾಟಿ, ಪಡಸಾಲೆಯಲ್ಲಿ ಜೋಳದ ಚೀಲಗಳ ಹಿಂದೆ ಬುಟ್ಟಿ ಇಳಿಸಿದೆ.

ಅತ್ತೆ ಪೂಜೆ ಮುಗಿಸಿ ಎದ್ದು ಬಂದರು. "ಲಿಂಗ ಇಟ್ಕೊಳ್ಳೋ ಅಂಗೈಯಾಗ ಕೋಳಿ ಹಿಡೀತೀಯಲ್ಲ, ನಿಮ್ಮಪ್ಪನ ಮನ್ಯಾಗ ಇದನ್ನ ಕಲಿಸ್ಯಾರೇನು?"

"ತೊಳಕೊಂಡ್ರ ಕೈ ಸ್ವಚ್ಛ ಆಗತೈತ್ರಿ ಅತ್ತಿ. ಕೊಟ್ಟ ಮಾತು ತಪ್ಪಿದ್ರ ಅದನ್ನ ಯಾವ ನೀರಾಗ ತೊಳೀಲಿ?"

ಅಂದಿನಿಂದ ಅವರು ನನ್ನ ಕೈಯ ನೀರು ಮುಟ್ಟಲಿಲ್ಲ. ತಾವೇ ಬೇರೆ ಅಡುಗೆ ಮಾಡಿಕೊಂಡರು. ನಾನು ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ನಮ್ಮ ಮನೆಯವರು ಎಂದಿನ ಹಾಗೆ ಎರಡು ಕಡೆಯೂ ಊಟ ಮಾಡಿ, ಎರಡು ಕಡೆಯೂ ಹೂಂಗುಟ್ಟಿ, ಪೇಪರು ಓದಿದರು.

ದಿನಾ ಬೆಳಿಗ್ಗೆ ಕೋಳಿಯನ್ನು ಸೆರಗಿನಲ್ಲಿ ಸುತ್ತಿ ಎಡ ಅಂಗೈಯಲ್ಲಿ ಅದರ ತಲೆ ಹಿಡಿಯುತ್ತಿದ್ದೆ. ಮೊದಲು ಒದ್ದಾಡಿತು, ಕುಕ್ಕಿತು. ಐದನೇ ದಿನ ಕಣ್ಣಿನ ಮೂಲೆಯಿಂದ ಅವರೆಕಾಳಿನಷ್ಟು ಕೀವಿನ ಗಡ್ಡೆ ಅರಳೆಯ ಮೇಲೆ ಜಾರಿ ಬಿತ್ತು. ಕೋಳಿ ನನ್ನ ಮುಖಕ್ಕೇ ಒಮ್ಮೆ ಸೀನಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರಾಡಿತು. ನನಗೆ ಅಳು ಬಂತು, ನಿಜ. ಕೈ ತೊಳೆದು, ಸ್ನಾನ ಮಾಡಿ, ಅದೇ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತೆ. ಅತ್ತೆ ನೋಡಲಿ ಎಂದೇ ಪಡಸಾಲೆಯಲ್ಲಿ ಕೂತೆ.

ಶಿವರಾತ್ರಿ ಹೊತ್ತಿಗೆ ಕೋಳಿ ಗಟ್ಟಿಯಾಯಿತು. ಎಡಗಣ್ಣು ತೆರೆಯಲೇ ಇಲ್ಲ. ಇನ್ನು ಕೊಟ್ಟಿಗೆಗೆ ಕಳಿಸಬಹುದಿತ್ತು, ಕಳಿಸಲಿಲ್ಲ. ಹಟ. ಅದು ಪಡಸಾಲೆಯಲ್ಲಿ ಒಂದೇ ಕಣ್ಣಿನಿಂದ ಜೋಳ ಹುಡುಕಿಕೊಂಡು ಓಡಾಡುವಾಗ, ಅತ್ತೆಯ ಮುಖ ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಆಕೆ ಕಾಫಿ ಸೀಮೆಯಿಂದ ಬಂದಾಗ ಏನು ಹೇಳಬೇಕೆಂದು ಆಗಲೇ ಮಾತು ಹೊಂದಿಸಿಟ್ಟುಕೊಂಡಿದ್ದೆ.

ಯುಗಾದಿಗೆ ಒಂದು ದಿನ ಮುಂಚೆ ಬಂದಳು. ಕಪ್ಪಾಗಿದ್ದಳು, ಸೊರಗಿದ್ದಳು. ಎಂದಿನ ಜಾಗದಲ್ಲೇ ನಿಂತು, "ಐತೇನ್ರಿ ಅಕ್ಕಾರ?" ಅಂದಳು.

"ಐತಿ. ಒಳಗೈತಿ. ಒಳಗ ಬಂದು ತಗೊಂಡು ಹೋಗು."

ಅತ್ತೆ ಕೂತಲ್ಲಿಂದ ಎದ್ದರು. ನಾನು ಬಾಗಿಲಿನಿಂದ ಸರಿದು ದಾರಿ ಬಿಟ್ಟೆ. ಅವಳ ಧ್ವನಿ ಕೇಳಿ ಕೋಳಿ ಹೊಸ್ತಿಲ ಹತ್ತಿರ ಬಂದಿತ್ತು. ಆಕೆ ಕೋಳಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಕೊನೆಗೆ ನನ್ನನ್ನು.

"ಕೋಳಿ ಬಂದೈತಂತ ನಾನೂ ಬರ್ಬೇಕೇನ್ರಿ?" ಅಂದಳು. ಸಿಟ್ಟಿರಲಿಲ್ಲ. "ಆರು ವರ್ಷ ಇಲ್ಲೇ ನಿಂತಿದ್ದೆ, ಒಂದಿನ ಕರೀಲಿಲ್ಲ ನೀವು. ಇವತ್ತು ನಿಮ್ಮತ್ತಿ ಮುಂದ ನೀವು ಗೆಲ್ಲಾಕ ಕರದ್ರ ನಾ ಬರಂಗಿಲ್ರಿ. ಕೋಳಿ ಕೊಡ್ರಿ."

ಮೂರು ತಿಂಗಳು ಯಾರಿಗೂ ಜಗ್ಗದವಳು ನಾನು. ಕೋಳಿಯನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದು ಅವಳ ಕೈಗಿಟ್ಟೆ. ಆಕೆ ಅದರ ತಲೆ ಹೊರಳಿಸಿ ಮುಚ್ಚಿದ ಕಣ್ಣನ್ನು ಹೆಬ್ಬೆರಳಿಂದ ಸವರಿದಳು. ಮೂಗಿನ ಹತ್ತಿರ ಮೂಸಿ ನೋಡಿದಳು. "ಭಾಳ ಚಂದ ನೋಡ್ಕೊಂಡೀರಿ ಅಕ್ಕಾರ. ನಮ್ಮವ್ವ ಇದ್ದಿದ್ರ ಖುಷಿ ಪಡ್ತಿದ್ಲು" ಎಂದು ಹೇಳಿ ಹೋದಳು. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆ ರಾತ್ರಿಯೂ ಅತ್ತೆ ತಮ್ಮ ಅಡುಗೆ ತಾವೇ ಮಾಡಿಕೊಂಡು ಉಂಡರು. ನನ್ನನ್ನು ಹಂಗಿಸುವ ಅಗತ್ಯ ಅವರಿಗಿರಲಿಲ್ಲ.

ಹಬ್ಬದ ದಿನ ಬೇವು-ಬೆಲ್ಲ ಕಟ್ಟಿಕೊಂಡು ಅವಳ ಓಣಿಗೆ ಹೋದೆ. ಆರು ವರ್ಷದಲ್ಲಿ ಅದೇ ಮೊದಲ ಸಲ. ಅವಳ ಮನೆಯ ಅಂಗಳದಲ್ಲಿ ನಿಂತು, "ನಾ ಒಳಗ ಬರ್ಲೇನು?" ಎಂದು ಕೇಳಿದೆ. ಆಕೆ ಒಲೆಯ ಮುಂದಿನಿಂದ ತಲೆ ಎತ್ತಿ ನೋಡಿದಳು, ಮತ್ತೆ ರೊಟ್ಟಿ ತಿರುವಿ ಹಾಕಿದಳು. ಒಂಟಿ ಕಣ್ಣಿನ ಹೇಂಟೆ ನನ್ನ ಕಾಲು ಬಳಸಿಕೊಂಡು ಒಳಗೆ ಹೋಯಿತು. ಓಣಿಯವರು ಬಾಗಿಲಿಗೆ ಬಂದು ನೋಡತೊಡಗಿದರು. ನೋಡಲಿ. ಆಕೆ ಕರೆಯುವ ತನಕ ನಾನು ಅಲ್ಲಿಂದ ಕದಲುವವಳಲ್ಲ ಎಂದು ನಿಂತೇ ಇದ್ದೆ.